ಚೀಲದಲ್ಲಿ ಬಂದ ಅನಿಲ

ಮಂಗಸೂಳಿಗೆ ನೈಸರ್ಗಿಕ ಅನಿಲ ಬಂದು ದಶಕಗಳೇ ಆಗಿವೆ. ಬಂದದ್ದು ಕೊಳವೆಯಲ್ಲಲ್ಲ, ಚೀಲದಲ್ಲಿ.

ಕಾಗವಾಡ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲುದು ಖಂಡೋಬನ ಗುಡಿಯಿಂದ, ಜಾತ್ರೆಯಲ್ಲಿ ಹಾರುವ ಭಂಡಾರದಿಂದ. ಸೀಮೆಯ ಬದುಕು ನಡೆಯುವುದು ಮಾತ್ರ ಕಬ್ಬಿನಿಂದ. ಸೊಸೈಟಿಯಿಂದ ಟ್ರಾಲಿ ಏರಿ ಹೊಲದ ಬದುವಿಗೆ ಬಂದಿಳಿದ ಯೂರಿಯಾ ಚೀಲವನ್ನು ಬಿಚ್ಚಿ ಒಂದು ಹಿಡಿ ಕೈಗೆ ತೆಗೆದುಕೊಳ್ಳಿ. ಬೇವಿನೆಣ್ಣೆ ಸವರಿದ್ದರಿಂದ ತುಸು ಕಂದಿದ ಬಿಳಿ ಕಾಳು. ಕೈ ಬೆವರಿದ್ದರೆ ಕಾಳು ಕರಗುತ್ತ ಅಂಗೈ ತಣ್ಣಗಾಗುತ್ತದೆ, ಬೆರಳು ಜಿಗುಟಾಗುತ್ತದೆ. ಆ ಕಾಳಿನೊಳಗಿನ ಸಾರಜನಕ ಗಾಳಿಯಿಂದ ಬಂದದ್ದು, ಅದರಲ್ಲಿ ವಿಶೇಷವಿಲ್ಲ. ಗಾಳಿಯ ಮುಕ್ಕಾಲು ಭಾಗಕ್ಕೂ ಹೆಚ್ಚು ಅದೇ ಇದೆ. ಆದರೆ ಗಾಳಿಯ ಸಾರಜನಕವನ್ನು ಕಬ್ಬಿನ ಬೇರು ಮುಟ್ಟಲಾರದು. ಅದನ್ನು ಜಲಜನಕದ ಜೊತೆ ಕಟ್ಟಿ ಅಮೋನಿಯಾ ಮಾಡಬೇಕು. ಈ ಜಲಜನಕ ಸಿಗುವುದು ನೈಸರ್ಗಿಕ ಅನಿಲವನ್ನು, ಅಂದರೆ ಮೀಥೇನನ್ನು, ಕಾದ ಹಬೆಯ ಜೊತೆ ಒಡೆದಾಗ. ಒಡೆದಾಗ ಉಳಿಯುವ ಇಂಗಾಲದ ಡೈ ಆಕ್ಸೈಡನ್ನೂ ಕಾರ್ಖಾನೆ ಬಿಡುವುದಿಲ್ಲ, ಅಮೋನಿಯಾಕ್ಕೆ ಕೂಡಿಸಿ ಯೂರಿಯಾ ಮಾಡುತ್ತದೆ. ಒಲೆಗೆ ಬೇಕಾದ ಶಾಖವೂ ಅದೇ ಅನಿಲದ್ದು.

ಲೆಕ್ಕ ಹಾಕಿ ನೋಡೋಣ. 45 ಕಿಲೋದ ಒಂದು ಚೀಲ ಯೂರಿಯಾ ತಯಾರಾಗಲು ಸುಮಾರು 27ರಿಂದ 30 ಘನ ಮೀಟರ್ ಅನಿಲ ಬೇಕು. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿರುವ ಶಾಖ ಹೆಚ್ಚುಕಡಿಮೆ 18 ಘನ ಮೀಟರ್ ನೈಸರ್ಗಿಕ ಅನಿಲಕ್ಕೆ ಸಮ. ಒಂದು ಚೀಲವೆಂದರೆ ಒಂದೂವರೆ ಸಿಲಿಂಡರ್ ಅಂತಾಯಿತು. ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಸಾರಜನಕ ಎಂಬ ಶಿಫಾರಸನ್ನು ಹಿಡಿದರೆ, ಅಷ್ಟನ್ನೂ ಯೂರಿಯಾದಿಂದಲೇ ಕೊಡುವವರಿಗೆ ಎಕರೆಗೆ ಐದು ಚೀಲದ ಹತ್ತಿರ ಬರುತ್ತದೆ. ಎಂಟು ಸಿಲಿಂಡರ್. ಇನ್ನೂರ ಅರವತ್ತಾರೂವರೆ ರೂಪಾಯಿಗೆ ಸಿಗುವ ಚೀಲವಾದ್ದರಿಂದ ಶಿಫಾರಸಿಗೆ ನಿಲ್ಲುವವರು ಕಡಿಮೆ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು. ಮನೆಯವರು ವರ್ಷವಿಡೀ ಅಡುಗೆಗೆ ಉರಿಸುವುದಕ್ಕಿಂತ ಹೆಚ್ಚಿನ ಅನಿಲವನ್ನು ಎರಡೆಕರೆ ಕಬ್ಬು ನುಂಗಿಬಿಡುತ್ತದೆ.

ಹಾಗಾದರೆ ಆ ಅನಿಲ ಎಲ್ಲಿಯದು? ಚೀಲ ನೋಡಿ ಹೇಳುವುದು ಮೊದಲಾದರೆ ಸುಲಭವಿತ್ತು. ‘ಉಜ್ವಲಾ’ ಎಂದಿದ್ದರೆ ಮುಂಬೈ ಬಳಿಯ ಆರ್‌ಸಿಎಫ್‌ನದು, ‘ಮಂಗಳಾ’ ಎಂದಿದ್ದರೆ ಪಣಂಬೂರಿನ ಎಂಸಿಎಫ್‌ನದು, ‘ಜೈ ಕಿಸಾನ್’ ಎಂದಿದ್ದರೆ ಗೋವಾದ ಜುವಾರಿಯದು. 2022ರ ಅಕ್ಟೋಬರಿನಿಂದ ಎಲ್ಲ ಚೀಲದ ಮೇಲೂ ದೊಡ್ಡದಾಗಿ ‘ಭಾರತ್ ಯೂರಿಯಾ’ ಎಂದೇ ಇದೆ. ಮೂಲ ಹುಡುಕಬೇಕಾದರೆ ಕಡಲಿನ ಕಡೆಗೇ ನಡೆಯಬೇಕು.

ಅನಿಲದ ವ್ಯಾಪಾರವನ್ನು ಕಲ್ಲಿದ್ದಲು, ಕಚ್ಚಾತೈಲಗಳ ವ್ಯಾಪಾರದಿಂದ ಬೇರೆ ಮಾಡುವುದು ಒಂದೇ ಒಂದು ಗುಣ: ಅದು ಜಾಗ ತಿನ್ನುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಾಖ ಬೇಕೆಂದರೆ ಸಾಮಾನ್ಯ ಒತ್ತಡದ ಅನಿಲ 850 ಲೀಟರಿನಷ್ಟು ಬೇಕು. ತೈಲವನ್ನು ಪೀಪಾಯಿಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು, ದಾರಿಯಲ್ಲಿ ಗಿರಾಕಿಯನ್ನೂ ಬದಲಿಸಬಹುದು. ಅನಿಲಕ್ಕೆ ಆ ಸಲೀಸು ಇಲ್ಲ. 1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕಾಗ ಜೊತೆಗೆ ಉಕ್ಕಿ ಬಂದ ಅನಿಲವನ್ನು ಒಯ್ಯಲು ಕೊಳವೆಯಿರಲಿಲ್ಲ. ಕಡಲ ನಡುವೆಯೇ ಸುಟ್ಟುಹಾಕುತ್ತಿದ್ದರು. ಆಮೇಲೆ ಉರಣಕ್ಕೆ ಕೊಳವೆ ಬಂತು, ಆಲಿಬಾಗದ ಹತ್ತಿರ ಥಳದಲ್ಲಿ ಯೂರಿಯಾ ಕಾರ್ಖಾನೆ ಎದ್ದಿತು. 1984ರಲ್ಲಿ ಗೇಲ್ ಕಂಪನಿ ಹುಟ್ಟಿದ್ದೂ ಅನಿಲ ಹುಡುಕುವುದಕ್ಕಲ್ಲ, ಹಜೀರಾದಿಂದ ಉತ್ತರಕ್ಕೆ ಜಗದೀಶಪುರದವರೆಗೆ ಕೊಳವೆ ಎಳೆಯುವುದಕ್ಕೆ. ಆ ಕೊಳವೆಯ ಉದ್ದಕ್ಕೂ ಸಾಲಾಗಿ ಗೊಬ್ಬರದ ಕಾರ್ಖಾನೆಗಳು ಕುಳಿತವು. ಅನಿಲ ಯಾರದು ಎಂಬುದಕ್ಕಿಂತ ದಾರಿ ಯಾರ ಕೈಲಿದೆ ಎಂಬುದೇ ದೊಡ್ಡದು. ಈ ಅಧ್ಯಾಯ ಮುಗಿಯುವವರೆಗೂ ಈ ಮಾತು ಬೆನ್ನು ಬಿಡುವುದಿಲ್ಲ.

ಒಮಾನಿನ ಉದಾಹರಣೆ ನೋಡಿ. 1990ರ ದಶಕದ ಆರಂಭದಲ್ಲಿ ಒಮಾನಿನಿಂದ ಗುಜರಾತಿಗೆ ಅರಬ್ಬಿ ಸಮುದ್ರದ ತಳದಲ್ಲೇ ಕೊಳವೆ ಹಾಸುವ ಯೋಜನೆಯಿತ್ತು. ದಾರಿಯಲ್ಲಿ ಸಮುದ್ರ ಮೂರು ಕಿಲೋಮೀಟರಿಗೂ ಮಿಕ್ಕಿ ಆಳ. ಆ ಆಳದಲ್ಲಿ ನೀರಿನ ಒತ್ತಡ ಮುನ್ನೂರು ವಾತಾವರಣಗಳನ್ನು ದಾಟುತ್ತದೆ; ಹಾಸುವಾಗ ಖಾಲಿ ಕೊಳವೆ ಚಪ್ಪಟೆಯಾಗಬಾರದು, ಹಾಸಿದ ಮೇಲೆ ಸೋರಿದರೆ ರಿಪೇರಿಗೆ ಯಾರೂ ಇಳಿಯಲಾರರು. ಯೋಜನೆ ಕಡತದಲ್ಲೇ ಉಳಿಯಿತು. ಆದರೆ ಒಮಾನಿನ ಅನಿಲ ಬಂತು, ಬೇರೆ ವೇಷದಲ್ಲಿ. ಅಲ್ಲಿನ ಸೂರ್ ಪಟ್ಟಣದಲ್ಲಿ ಇಫ್ಕೊ ಮತ್ತು ಕ್ರಿಭ್ಕೊ ಎಂಬ ನಮ್ಮ ಎರಡು ಸಹಕಾರಿ ಸಂಸ್ಥೆಗಳು ಒಮಾನಿನ ತೈಲ ಕಂಪನಿಯ ಜೊತೆ ಅರ್ಧಕ್ಕರ್ಧ ಪಾಲು ಹಾಕಿ, ವರ್ಷಕ್ಕೆ 16 ಲಕ್ಷ ಟನ್ನಿಗೂ ಮೀರಿದ ಯೂರಿಯಾ ಕಾರ್ಖಾನೆ ಕಟ್ಟಿದವು. 2005ರ ಸುಮಾರಿಗೆ ಅಲ್ಲಿಂದ ಹಡಗಿನಲ್ಲಿ ಯೂರಿಯಾ ಬರತೊಡಗಿತು. ಸಮುದ್ರ ದಾಟಲಾರದ ಅನಿಲ ಗೊಬ್ಬರವಾಗಿ ದಾಟಿತು. ಸಹಕಾರಿ ಸಕ್ಕರೆ ಕಾರ್ಖಾನೆಗಳ ಈ ನಾಡಿಗೆ ಇದು ಅಪರಿಚಿತ ಬುದ್ಧಿಯೇನಲ್ಲ.

ನೆಲದ ಮೇಲಿನ ಕೊಳವೆಗಳ ಕಥೆ ಇನ್ನೂ ಬೇಸರದ್ದು. ಇರಾನಿನಿಂದ ಪಾಕಿಸ್ತಾನದ ಮೂಲಕ ಭಾರತಕ್ಕೆ ಬರಬೇಕಿದ್ದ ‘ಶಾಂತಿ ಕೊಳವೆ’ಯ ಮಾತು ಎರಡು ದಶಕ ನಡೆದು, ಬೆಲೆ, ಭದ್ರತೆಗಳ ತಕರಾರಿನಲ್ಲಿ 2009ರ ಹೊತ್ತಿಗೆ ಭಾರತ ಹಿಂದೆ ಸರಿಯಿತು. ತುರ್ಕಮೆನಿಸ್ತಾನದ ಗಲ್ಕಿನಿಶ್ ನಿಕ್ಷೇಪದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಪಂಜಾಬಿನ ಗಡಿ ಮುಟ್ಟಬೇಕಾದ ‘ತಾಪಿ’ ಕೊಳವೆಯ ಉದ್ದ 1,800 ಕಿಲೋಮೀಟರ್; 2010ರ ಡಿಸೆಂಬರಿನಲ್ಲಿ ನಾಲ್ಕು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು, 2015ರಲ್ಲಿ ತುರ್ಕಮೆನಿಸ್ತಾನದಲ್ಲಿ ಗುದ್ದಲಿ ಪೂಜೆಯಾಯಿತು, 2024ರಲ್ಲಿ ಹೆರಾತ್ ಪ್ರಾಂತದ ಕಡೆ ಕೆಲಸ ಶುರುವಾಯಿತು. ಭಾರತದವರೆಗೆ ಇನ್ನೂ ಬಹುದೂರ. ಮ್ಯಾನ್ಮಾರಿನದು ಎಲ್ಲಕ್ಕಿಂತ ವಿಚಿತ್ರ. ಅಲ್ಲಿನ ಶ್ವೆ ನಿಕ್ಷೇಪದಲ್ಲಿ ಒಎನ್‌ಜಿಸಿಯ ವಿದೇಶ್ ಅಂಗಸಂಸ್ಥೆಗೂ ಗೇಲ್‌ಗೂ ಪಾಲಿದೆ. ಅನಿಲ ಬಾಂಗ್ಲಾದೇಶದ ಮೂಲಕ ಭಾರತಕ್ಕೆ ಬರಲಿ ಎಂದು ಮಾತುಕತೆ ನಡೆದು ಮುರಿಯಿತು. 2013ರಿಂದ ಆ ಅನಿಲ ಚೀನಾಕ್ಕೆ ಹೋಗುತ್ತಿದೆ. ನಿಕ್ಷೇಪದಲ್ಲಿ ಪಾಲಿದ್ದೂ ದಾರಿ ಇಲ್ಲದವರ ಪಾಡು ಇದು.

ನೆಲದಲ್ಲಿ ದಾರಿ ಮುಚ್ಚಿದ ದೇಶಕ್ಕೆ ಉಳಿಯುವುದು ಹಡಗು. ಹಡಗಿಗೆ ಹತ್ತಬೇಕಾದರೆ ಅನಿಲ ದ್ರವವಾಗಬೇಕು. ಇಲ್ಲಿ ಒಂದು ಸಣ್ಣ ಭೌತಶಾಸ್ತ್ರವಿದೆ, ಮನೆಯ ಸಿಲಿಂಡರ್ ಯಾಕೆ ಮನೆಗೆ ಬಂತು, ಮೀಥೇನ್ ಯಾಕೆ ಬರಲಿಲ್ಲ ಎಂಬುದಕ್ಕೂ ಅದೇ ಉತ್ತರ. ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯೂಟೇನ್. ಇವನ್ನು ನಮ್ಮ ಬೇಸಿಗೆಯ ಬಿಸಿಲಿನಲ್ಲೂ ಸಾಧಾರಣ ಒತ್ತಡ ಹಾಕಿ ದ್ರವ ಮಾಡಬಹುದು. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಕುಲುಕಾಡುವ ಸದ್ದು ಆ ದ್ರವದ್ದು. ಮೀಥೇನಿನ ಹಠ ಬೇರೆ. ಮೈನಸ್ 82 ಡಿಗ್ರಿಗಿಂತ ಬೆಚ್ಚಗಿರುವಾಗ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಸಾಮಾನ್ಯ ಒತ್ತಡದಲ್ಲಿ ದ್ರವವಾಗಬೇಕೆಂದರೆ ಮೈನಸ್ 162 ಡಿಗ್ರಿಗೆ ಇಳಿಸಬೇಕು. ಇಳಿಸಿದರೆ ಲಾಭವೂ ದೊಡ್ಡದು: ಆರುನೂರು ಲೀಟರ್ ಅನಿಲ ಒಂದು ಲೀಟರಿನಲ್ಲಿ ಕೂರುತ್ತದೆ. ಎಲ್‌ಎನ್‌ಜಿ ಎಂದು ಕರೆಯುವುದು ಇದನ್ನೇ. 1,60,000 ಘನ ಮೀಟರ್ ದ್ರವ ಹೊತ್ತ ಒಂದು ಹಡಗು ಬಂದಿತೆಂದರೆ 50 ಲಕ್ಷಕ್ಕೂ ಹೆಚ್ಚು ಸಿಲಿಂಡರುಗಳ ಶಾಖ ಬಂದಿತೆಂದು ಅರ್ಥ. ಹಡಗಿನ ತೊಟ್ಟಿಗಳಿಗೆ ದಪ್ಪ ನಿರೋಧಕದ ಕವಚವಿದ್ದರೂ ದಿನಕ್ಕೆ ಒಂದಿಷ್ಟು ಕುದಿದು ಆವಿಯಾಗುತ್ತದೆ, ಆ ಆವಿಯನ್ನೇ ಎಂಜಿನ್ನಿಗೆ ಕೊಟ್ಟು ಹಡಗು ಸಾಗುತ್ತದೆ.

ಭಾರತಕ್ಕೆ ಇಂಥ ಮೊದಲ ನಿಲ್ದಾಣ ಸಿಕ್ಕಿದ್ದು 2004ರಲ್ಲಿ, ಗುಜರಾತಿನ ದಹೇಜದಲ್ಲಿ. ಕತಾರಿನ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದ 1999ರದು. 2024ರ ಫೆಬ್ರವರಿಯಲ್ಲಿ ಅದನ್ನು 2028ರಿಂದ ಮುಂದಿನ ಇಪ್ಪತ್ತು ವರ್ಷಕ್ಕೆ ಮುಂದುವರಿಸಿದರು. ಕತಾರ್ ಅನಿಲ ತೆಗೆಯುವುದು ಇರಾನಿನ ಜೊತೆ ಹಂಚಿಕೊಂಡ ಒಂದೇ ದೈತ್ಯ ನಿಕ್ಷೇಪದಿಂದ. ಹಡಗು ರಾಸ್ ಲಫಾನ್ ಬಂದರು ಬಿಟ್ಟು ಅರಬ್ಬಿ ಸಮುದ್ರಕ್ಕೆ ಬರಲು ಹೋರ್ಮುಜ್ ಜಲಸಂಧಿಯನ್ನು ದಾಟಲೇಬೇಕು. ಲೋಕದ ಎಲ್‌ಎನ್‌ಜಿಯ ಐದನೆಯ ಒಂದು ಪಾಲು ಆ ಇಕ್ಕಟ್ಟಿನಲ್ಲಿ ನುಸುಳಿ ಬರುವಂಥದು. ಮೇಲೆ ಹೇಳಿದ ಸೂರ್ ಪಟ್ಟಣ ಮಾತ್ರ ಜಲಸಂಧಿಯ ಹೊರಗಿದೆ. ಜಲಸಂಧಿಯಲ್ಲಿ ಜಗಳ ಶುರುವಾದ ಸುದ್ದಿ ಬಂದಾಗಲೆಲ್ಲ ಭೂಪಟದ ಈ ಒಂದು ಚುಕ್ಕೆಯ ಬೆಲೆ ಏರುತ್ತದೆ.

ನಮ್ಮ ಸೀಮೆಗೆ ಹತ್ತಿರದ ನಿಲ್ದಾಣ ದಹೇಜವಲ್ಲ, ರತ್ನಾಗಿರಿ ಜಿಲ್ಲೆಯ ದಾಭೋಳ. ಹೆಸರು ಕೇಳಿದೊಡನೆ ಎನ್ರಾನ್ ನೆನಪಾಗುವ ವಯಸ್ಸಿನವರು ಇನ್ನೂ ಇದ್ದಾರೆ. 1993ರಲ್ಲಿ ಅಮೆರಿಕದ ಈ ಕಂಪನಿ ಮಹಾರಾಷ್ಟ್ರದ ಜೊತೆ ಮಾಡಿಕೊಂಡ ವಿದ್ಯುತ್ ಒಪ್ಪಂದ ಚುನಾವಣೆಯ ವಿಷಯವಾಯಿತು, ರದ್ದಾಯಿತು, ಮತ್ತೆ ಚಿಗುರಿತು. ಒಮಾನ್, ಅಬುಧಾಬಿಗಳಿಂದ ಎಲ್‌ಎನ್‌ಜಿ ತರುವ ಕರಾರೂ ಆಗಿತ್ತು. ಆದರೆ ಮೊದಲ ಹಂತ ನಾಫ್ತಾದಿಂದ ನಡೆದು, ಕರೆಂಟು ವಿಪರೀತ ದುಬಾರಿಯಾಗಿ, 2001ರಲ್ಲಿ ಸ್ಥಾವರ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎನ್ರಾನೇ ದಿವಾಳಿಯೆದ್ದಿತು. ಅರ್ಧಕ್ಕೆ ನಿಂತ ಎಲ್‌ಎನ್‌ಜಿ ತೊಟ್ಟಿಗಳನ್ನೂ ಸ್ಥಾವರವನ್ನೂ 2005ರಲ್ಲಿ ಎನ್‌ಟಿಪಿಸಿ, ಗೇಲ್ ಸೇರಿ ಕಟ್ಟಿದ ಕಂಪನಿ ವಹಿಸಿಕೊಂಡಿತು. ನಿಲ್ದಾಣಕ್ಕೆ ಮೊದಲ ಹಡಗು ಬಂದದ್ದು 2013ರಲ್ಲಿ. ಆಗಲೂ ಅಲೆತಡೆ ಗೋಡೆ ಪೂರ್ತಿಯಾಗಿರಲಿಲ್ಲ. ಕೊಂಕಣದ ಮಳೆಗಾಲದ ಕಡಲಿನಲ್ಲಿ ಹೊಯ್ದಾಡುವ ಹಡಗಿನಿಂದ ಮೈನಸ್ 162 ಡಿಗ್ರಿಯ ದ್ರವ ಇಳಿಸಲಾಗದು. ಹಾಗಾಗಿ ವರ್ಷಗಟ್ಟಲೆ, ಮುಂಗಾರು ಬಂತೆಂದರೆ ನಿಲ್ದಾಣಕ್ಕೆ ರಜೆ. ಕೃಷ್ಣೆಯಲ್ಲಿ ನೀರು ಏರುವ ತಿಂಗಳುಗಳಲ್ಲಿ ದಾಭೋಳದಲ್ಲಿ ಅನಿಲ ಇಳಿಯುತ್ತಿರಲಿಲ್ಲ. ಗೋಡೆಯೊಂದರ ಕೆಲಸ ಬಾಕಿಯಿದ್ದರೆ ಅಲ್ಲಿಂದ ಹೊರಡುವ ಸಾವಿರ ಕಿಲೋಮೀಟರ್ ಕೊಳವೆಯ ಲೆಕ್ಕ ಹೇಗೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊಳವೆ ಖಾಲಿಯಾಗದಂತೆ ಕಾದದ್ದು ಇನ್ನೊಂದು ಕೊಳವೆ. ದಹೇಜದಿಂದ ಉರಣ, ಅಲ್ಲಿಂದ ದಾಭೋಳಕ್ಕೆ 2007ರಲ್ಲೇ ಹಾಸಿದ್ದ ಮಾರ್ಗ ಗುಜರಾತಿನ ಅನಿಲವನ್ನು ದಕ್ಷಿಣಕ್ಕೆ ತರಬಲ್ಲದು. ದಾಭೋಳದಿಂದ ಬೆಂಗಳೂರಿನ ಬಿಡದಿಗೆ ಸುಮಾರು ಸಾವಿರ ಕಿಲೋಮೀಟರಿನ ಗೇಲ್ ಕೊಳವೆ 2013ರಲ್ಲಿ ಚಾಲೂ ಆಯಿತು. ಸಹ್ಯಾದ್ರಿ ಹತ್ತಿ ಕೊಲ್ಲಾಪುರ ದಾಟಿ ಅದು ಬೆಳಗಾವಿ ಜಿಲ್ಲೆಗೆ ಇಳಿಯುತ್ತದೆ, ಗೋಕಾಕದ ಕಡೆ ಬಂದು ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳತ್ತ ಸಾಗುತ್ತದೆ. ಗೋಕಾಕದಿಂದ ಗೋವಾಕ್ಕೆ ಒಂದು ಕವಲು. ಆ ಕವಲು ಮುಟ್ಟುವುದು ಜುವಾರಿನಗರದ ಗೊಬ್ಬರ ಕಾರ್ಖಾನೆಯನ್ನು. ನಮ್ಮ ಜಿಲ್ಲೆಯ ಹೊಲದ ಕೆಳಗೆ ಮೀಥೇನಾಗಿ ಹಾದುಹೋದದ್ದು ಘಟ್ಟ ಇಳಿದು ಯೂರಿಯಾ ಆಗಿ ಅದೇ ಜಿಲ್ಲೆಯ ಹೊಲಕ್ಕೆ ವಾಪಸು ಬರುವುದುಂಟು.

ಕೊಳವೆ ಹಾಯ್ದ ಹೊಲ ರೈತನ ಹೆಸರಿನಲ್ಲೇ ಉಳಿಯುತ್ತದೆ. 1962ರ ಕಾನೂನಿನ ಪ್ರಕಾರ ಕಂಪನಿ ಪಡೆಯುವುದು ಬಳಕೆಯ ಹಕ್ಕನ್ನು ಮಾತ್ರ. ಬೆಳೆ ನಷ್ಟದ ಜೊತೆಗೆ ಆ ಪಟ್ಟಿಯ ನೆಲಬೆಲೆಯ ನೂರಕ್ಕೆ ಹತ್ತು ಪರಿಹಾರ. ಮೇಲೆ ಕಬ್ಬು, ಜೋಳ, ಅರಿಶಿನ ಬೆಳೆಯಬಹುದು. ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಆಳಕ್ಕೆ ಬೇರಿಳಿಸುವ ಮರ ನೆಡುವಂತಿಲ್ಲ. ಬದುವಿನಲ್ಲಿ ಎಚ್ಚರಿಕೆಯ ಕಂಬ ನಿಂತಿರುತ್ತದೆ. ಸುಮ್ಮನೆ ನಿಂತಂತೆ ಕಾಣುವ ಆ ನೆಲದ ಕೆಳಗೆ ಎಷ್ಟಿದೆ? 30 ಇಂಚು ಅಡ್ಡಳತೆಯ ಕೊಳವೆ, ಒಳಗೆ 70 ವಾತಾವರಣದ ಒತ್ತಡ ಎಂದಿಟ್ಟುಕೊಂಡರೆ ಒಂದು ಕಿಲೋಮೀಟರಿನೊಳಗೆ 30 ಸಾವಿರ ಘನ ಮೀಟರಿಗೆ ಕಡಿಮೆಯಿಲ್ಲದ ಅನಿಲ, ಅಂದರೆ ಎರಡು ಸಾವಿರ ಮನೆಗಳ ಒಂದು ತಿಂಗಳ ಅಡುಗೆ. ಕೊಳವೆ ಬರೀ ದಾರಿಯಲ್ಲ, ಗೋದಾಮೂ ಹೌದು. ರಾತ್ರಿ ಗಿರಾಕಿ ಕಡಿಮೆಯಾದಾಗ ಒತ್ತಡ ಏರಗೊಟ್ಟು, ಬೆಳಿಗ್ಗೆ ಒಲೆಗಳೆಲ್ಲ ಹೊತ್ತಿದಾಗ ಇಳಿಯಗೊಟ್ಟು ನಿಯಂತ್ರಣ ಕೊಠಡಿಯವರು ದಿನ ತಳ್ಳುತ್ತಾರೆ.

ಈಗ ಮೂಲದ ಪ್ರಶ್ನೆಗೆ ಬರೋಣ. 2018ರ ಮಾರ್ಚ್ 30ರಂದು ದಾಭೋಳಕ್ಕೆ ‘ಮೆರಿಡಿಯನ್ ಸ್ಪಿರಿಟ್’ ಎಂಬ ಹಡಗು ಬಂತು. ಅಮೆರಿಕದ ಸಬೀನ್ ಪಾಸ್ ನಿಲ್ದಾಣದಿಂದ ಗೇಲ್‌ನ ದೀರ್ಘಾವಧಿ ಒಪ್ಪಂದದಡಿ ಬಂದ ಮೊದಲ ಎಲ್‌ಎನ್‌ಜಿ ಅದರಲ್ಲಿತ್ತು. ಎರಡು ತಿಂಗಳ ಮೇಲೆ, ಜೂನಿನಲ್ಲಿ, ರಷ್ಯಾದ ಗಾಜ್‌ಪ್ರೋಮ್ ಒಪ್ಪಂದದ ಮೊದಲ ಹಡಗನ್ನು ದಹೇಜದಲ್ಲಿ ಬರಮಾಡಿಕೊಂಡರು. ಹಡಗಿನ ಹೆಸರು ‘ಎಲ್‌ಎನ್‌ಜಿ ಕಾನೋ’, ಅನಿಲ ನೈಜೀರಿಯಾದ್ದು! ಇದರಲ್ಲಿ ಮೋಸವಿಲ್ಲ. ಗಾಜ್‌ಪ್ರೋಮ್ ಮಾರಿದ್ದು ಇಂತಿಷ್ಟು ಶಾಖವನ್ನು, ಇಂತಿಂಥ ನೆಲದ ಅಣುಗಳನ್ನಲ್ಲ. ಕರಾಡದಲ್ಲಿ ಕೊಯ್ನಾ, ಸಾಂಗಲಿಯಲ್ಲಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿದ ಮೇಲೆ ಉಗಾರದ ಬಳಿ ಕೃಷ್ಣೆಯಿಂದ ಕೊಡ ತುಂಬಿದವರು ಇದು ಕೊಯ್ನೆಯ ನೀರು ಎಂದು ಬೇರ್ಪಡಿಸಬಲ್ಲರೆ? ಕೊಳವೆಯೊಳಗೂ ಅದೇ ಸ್ಥಿತಿ. ಕತಾರಿನದು, ಅಮೆರಿಕದ್ದು, ಬಾಂಬೆ ಹೈನದು, ಕೃಷ್ಣಾ-ಗೋದಾವರಿ ಕಣಿವೆಯದು ಬೆರೆತುಹೋಗಿರುತ್ತವೆ. ಯಾರು ಎಷ್ಟು ಹಾಕಿದರು, ಯಾರು ಎಷ್ಟು ತೆಗೆದರು ಎಂಬ ಲೆಕ್ಕಪುಸ್ತಕ ಮಾತ್ರ ಬೇರೆಬೇರೆ. 2015ರಿಂದ ಯೂರಿಯಾ ಕಾರ್ಖಾನೆಗಳಿಗೆ ಬೆಲೆಯನ್ನೂ ಹೀಗೇ ಬೆರೆಸಿದ್ದಾರೆ: ದೇಶದ ಅಗ್ಗದ ಅನಿಲ, ಹೊರಗಿನ ದುಬಾರಿ ಅನಿಲ ಎರಡನ್ನೂ ಕೂಡಿಸಿ ಜಾಲದಲ್ಲಿರುವ ಎಲ್ಲರಿಗೂ ಒಂದೇ ಸರಾಸರಿ ದರ.

ಬೆರೆತದ್ದು ತಾಪತ್ರಯವನ್ನೂ ಬೆರೆಸುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಜರ್ಮನಿ ತನ್ನ ನೆಲದಲ್ಲಿದ್ದ ಗಾಜ್‌ಪ್ರೋಮ್ ಅಂಗಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡಿತು. ಗೇಲ್‌ಗೆ ಎಲ್‌ಎನ್‌ಜಿ ಕೊಡಬೇಕಿದ್ದ ಸಿಂಗಪುರದ ಕಂಪನಿ ಅದರ ಕೈಕೆಳಗಿನದು. ಪೂರೈಕೆ ನಿಂತಿತು, ಗೇಲ್ ತನ್ನ ಗಿರಾಕಿಗಳಿಗೆ ಕಡಿತ ಮಾಡಿತು. ವ್ಯಾಜ್ಯ ಮುಗಿದದ್ದು 2025ರಲ್ಲಿ, 28 ಕೋಟಿ 50 ಲಕ್ಷ ಡಾಲರ್ ಪರಿಹಾರದೊಂದಿಗೆ. ಅತ್ತ ರಷ್ಯಾದ ಕೊಳವೆಗಳನ್ನು ಕಳೆದುಕೊಂಡ ಯುರೋಪು ಎಲ್‌ಎನ್‌ಜಿ ಹಡಗುಗಳನ್ನು ಬೆಲೆ ನೋಡದೆ ಕೊಂಡಿತು. ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಆ ದೇಶದ ಮೊದಲ ನಿಲ್ದಾಣ ಅದೇ ವರ್ಷದ ಡಿಸೆಂಬರಿಗೆ ತಯಾರು. ದಾಭೋಳದ ನಿಧಾನವನ್ನು ನೆನೆದರೆ ಹೊಟ್ಟೆಯುರಿಯಾಗುತ್ತದೆ, ಅವರ ಪಕ್ಕದಲ್ಲಿ ಕೊಂಕಣದ ಮಳೆಗಾಲವಿಲ್ಲ ಎಂಬುದನ್ನೂ ನೆನೆಯಬೇಕು. 2020ರಲ್ಲಿ ಏಷ್ಯಾದ ಬಿಡಿ ಮಾರುಕಟ್ಟೆಯಲ್ಲಿ ಎರಡು ಡಾಲರಿಗೆ ಇಳಿದಿದ್ದ ಒಂದು ಘಟಕ ಅನಿಲ 2022ರಲ್ಲಿ 70 ಡಾಲರ್ ಮೀರಿತು. ಆ ‘ಒಂದು ಘಟಕ’ ಎಂದರೆ 27 ಘನ ಮೀಟರ್, ಸರಿಸುಮಾರು ಒಂದು ಯೂರಿಯಾ ಚೀಲದ ಅನಿಲ. ಆ ಬೆಲೆಗೆ ಕೊಂಡ ಅನಿಲದಿಂದಲೇ ಮಾಡಿದ್ದರೆ ಚೀಲಕ್ಕೆ ಐದು ಸಾವಿರ ರೂಪಾಯಿ ಮೀರುತ್ತಿತ್ತು. ರೈತ ಕೊಟ್ಟದ್ದು ಅದೇ 266 ರೂಪಾಯಿ 50 ಪೈಸೆ. ನಡುವಿನ ವ್ಯತ್ಯಾಸವನ್ನು ಸರ್ಕಾರ ತುಂಬಿತು. 2022–23ರ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಮಂಗಸೂಳಿಯ ಹೊಲದವರಿಗೆ ಯುರೋಪಿನ ಚಳಿಗಾಲ ತಾಗದೆ ಹೋದದ್ದು ಹೀಗೆ. ಯೂರಿಯಾ ಸಿಗಲಿಲ್ಲ ಎಂಬ ಸಾಲು ಮಾತ್ರ ಸೊಸೈಟಿಯ ಮುಂದೆ ಆಗಾಗ ಕಾಣುತ್ತದೆ.

ಕರಾವಳಿಯ ಕನ್ನಡಿಗರಿಗೆ ಬೇರೆ ದಾರಿ ಸಿಕ್ಕಿತು. ಕೊಚ್ಚಿ ನಿಲ್ದಾಣದಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಕೊಚ್ಚಿಯ ನಿಲ್ದಾಣ 2013ರಲ್ಲೇ ಸಿದ್ಧವಾಗಿ, ಅನಿಲ ಒಯ್ಯುವ ಕೊಳವೆಯಿಲ್ಲದೆ ವರ್ಷಗಟ್ಟಲೆ ಬಹುಪಾಲು ಖಾಲಿ ಕುಳಿತಿತ್ತು. ಭೂಮಿಯ ತಕರಾರು ಒಂದೆಡೆ, ಚಂದ್ರಗಿರಿ ಹೊಳೆಯ ಕೆಳಗೆ ಕೊರೆಯುವ ಕಷ್ಟ ಇನ್ನೊಂದೆಡೆ. ಕೊಳವೆ ಮುಟ್ಟಿದ ಮೇಲೆ ಪಣಂಬೂರಿನ ಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾಯಿತು. ಬಿಡದಿಯ ತುದಿಯಲ್ಲಿ ಇನ್ನೊಂದು ಬಗೆಯ ಕಾಯುವಿಕೆ: ಯಲಹಂಕದಲ್ಲಿ ರಾಜ್ಯದ ಮೊದಲ ಅನಿಲ ವಿದ್ಯುತ್ ಸ್ಥಾವರ, 370 ಮೆಗಾವಾಟ್, 2020ರಲ್ಲಿ ಪರೀಕ್ಷೆಯ ಹೊತ್ತಿಗೆ ಬೆಂಕಿಗೆ ಸಿಕ್ಕಿ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆ ಕಂಡಿತು.

ಕೊಳವೆ ಜಿಲ್ಲೆಗೆ ಬಂದಿತೆಂದರೆ ಮನೆಗೆ ಬಂದಂತಲ್ಲ. ದೊಡ್ಡ ಕೊಳವೆಯ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತ, ಉಕ್ಕಿನ ಕೊಳವೆಯಿಂದ ರಸ್ತೆಬದಿಯ ಹಳದಿ ಪ್ಲಾಸ್ಟಿಕ್ ಕೊಳವೆಗೆ, ಅಲ್ಲಿಂದ ಮನೆಯ ಮೀಟರಿಗೆ ತರಬೇಕು. ಈ ಹಂಚಿಕೆಯ ಪರವಾನಗಿ ಜಿಲ್ಲೆವಾರು. ಬೆಳಗಾವಿ ಜಿಲ್ಲೆ ಹೈದರಾಬಾದಿನ ಮೇಘಾ ಕಂಪನಿಗೆ, ಗಡಿಯಾಚೆಯ ಸಾಂಗಲಿ ಭಾರತ್ ಪೆಟ್ರೋಲಿಯಂ ಬಳಗಕ್ಕೆ, ಕೊಲ್ಲಾಪುರ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆಯಿಲ್ ಇಂಡಿಯಾ ಕೂಡಿದ ಕಂಪನಿಗೆ. ಆಸ್ಪತ್ರೆಗೆ, ಸಂತೆಗೆ, ಬೀಗತನಕ್ಕೆ ಮಿರಜಿಗೂ ಸಾಂಗಲಿಗೂ ಹೋಗುವ ಈ ಕಡೆಯ ಜನಕ್ಕೆ ಅನಿಲದ ಮೀಟರ್ ಮಾತ್ರ ರಾಜ್ಯದ ಗಡಿಯನ್ನು ಬಲು ನಿಷ್ಠೆಯಿಂದ ಪಾಲಿಸುತ್ತದೆ. ಕೊಳವೆ ಮುಟ್ಟದ ಕಡೆಗೆ ಲಾರಿ ಇದೆ: ಕೊಳವೆಯ ಪಕ್ಕದ ತಾಯಿ ಕೇಂದ್ರದಲ್ಲಿ ಇನ್ನೂರಕ್ಕೂ ಹೆಚ್ಚು ವಾತಾವರಣದ ಒತ್ತಡಕ್ಕೆ ಸಿಲಿಂಡರುಗಳ ಗುಚ್ಛವನ್ನು ತುಂಬಿ ದೂರದ ಬಂಕಿಗೆ ಒಯ್ಯುತ್ತಾರೆ. ಸಿಎನ್‌ಜಿ ಆಟೋಗಳ ಸಾಲು ಕೆಲವೊಮ್ಮೆ ಅರ್ಧ ತಾಸು ಕದಲದೆ ನಿಲ್ಲುವುದು ಆ ಲಾರಿಯ ಹಾದಿ ನೋಡುತ್ತ.

ಕೊಳವೆ ಅನಿಲ ಅಡುಗೆಮನೆಗೆ ಬಂದ ದಿನ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ಒಲೆ ಮಗುಚಿ ಜೆಟ್ ಬಿಚ್ಚುವುದು. ಹಿತ್ತಾಳೆಯ ಸಣ್ಣ ತಿರುಪು, ನಡುವೆ ಸೂಜಿಮೊನೆಯ ತೂತು. ಒಂದೇ ಗಾತ್ರದ ಅನಿಲದಲ್ಲಿ ಸಿಲಿಂಡರಿನದಕ್ಕೆ ಹೋಲಿಸಿದರೆ ಮೀಥೇನಿನ ಶಾಖ ಅರ್ಧಕ್ಕೂ ಕಡಿಮೆ. ಹಳೆಯ ತೂತಿನಲ್ಲೇ ಬಿಟ್ಟರೆ ಜ್ವಾಲೆ ಸೊರಗಿ ರೊಟ್ಟಿ ಒಣಗುತ್ತದೆಯೇ ಹೊರತು ಬೇಯುವುದಿಲ್ಲ. ತೂತು ದೊಡ್ಡದಾದ ಜೆಟ್ ಹಾಕುತ್ತಾರೆ. ಆಮೇಲೆ ಅದೇ ಒಲೆಗೆ ಸಿಲಿಂಡರ್ ಜೋಡಿಸಿದರೆ ಜ್ವಾಲೆ ಹಳದಿಯಾಗಿ ಎದ್ದು ಪಾತ್ರೆ ಕರಿ ಹಿಡಿಯುತ್ತದೆ, ಅಪಾಯವೂ ಹೌದು. ಇನ್ನೊಂದು ವ್ಯತ್ಯಾಸವನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಹರಡುತ್ತದೆ, ಬಾಗಿಲು ತೆಗೆಯಬೇಕು. ಮೀಥೇನ್ ಹಗುರ, ಸೂರಿನತ್ತ ಏರುತ್ತದೆ. ಮೇಲಿನ ಗವಾಕ್ಷಿ ತೆರೆದಿರಬೇಕು. ವಾಸನೆ ಎರಡಕ್ಕೂ ಸ್ವಂತದ್ದಲ್ಲ, ಸೋರಿಕೆ ತಿಳಿಯಲೆಂದು ಗಂಧಕದ ಸಂಯುಕ್ತ ಬೆರೆಸಿರುತ್ತಾರೆ.

ಇಷ್ಟೆಲ್ಲ ದೂರದಿಂದ ಬರುವ ಅಣು, ಈ ಊರಿನ ಹಿತ್ತಿಲಿನಲ್ಲೂ ಹುಟ್ಟುತ್ತದೆ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಸಗಣಿ ತಿಂದು ಬಿಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಮೀಥೇನ್. 25 ಕಿಲೋ ಸಗಣಿಗೆ ದಿನಕ್ಕೆ ಒಂದು ಘನ ಮೀಟರ್ ಎಂದು ಲೆಕ್ಕ. ನಾಲ್ಕೈದು ಎಮ್ಮೆಯಿದ್ದ ಮನೆ ಎರಡು ಘನ ಮೀಟರಿನ ಗುಂಡಿ ನಡೆಸಬಲ್ಲದು. ಜನವರಿಯ ಚಳಿಗೆ ಆ ಸೂಕ್ಷ್ಮಜೀವಿಗಳು ಮಂಕಾಗುತ್ತವೆ. ಆ ತಿಂಗಳು ಒಲೆ ಕೈಕೊಡುವುದು ಇದ್ದದ್ದೇ. ಎಮ್ಮೆ ಮಾರಿದ ಮನೆಗಳಲ್ಲಿ ಗುಂಡಿ ಕಸ ತುಂಬಿಕೊಂಡು ಕೂತಿದೆ.

ಸಕ್ಕರೆ ಕಾರ್ಖಾನೆಗಳದು ದೊಡ್ಡ ಲೆಕ್ಕ. ಕಬ್ಬಿನ ರಸ ಸೋಸಿದಾಗ ಉಳಿಯುವ ಕಪ್ಪು ಗಸಿ, ಪ್ರೆಸ್‌ಮಡ್, ಅರೆದ ಕಬ್ಬಿನ ನೂರಕ್ಕೆ ಮೂರು ನಾಲ್ಕು ಪಾಲು. 25 ಟನ್ ಪ್ರೆಸ್‌ಮಡ್ಡಿನಿಂದ ಒಂದು ಟನ್ ಶುದ್ಧೀಕರಿಸಿದ ಜೈವಿಕ ಅನಿಲ ತೆಗೆಯಬಹುದು. ಉಗಾರದಲ್ಲಿ 1939ರಿಂದ ಕಾರ್ಖಾನೆಯಿದೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳಲ್ಲೂ ಚಿಮಣಿಗಳಿಗೆ ಕೊರತೆಯಿಲ್ಲ. ದಿನಕ್ಕೆ ಹತ್ತು ಸಾವಿರ ಟನ್ ಅರೆಯುವ ಕಾರ್ಖಾನೆಯೊಂದರ ಗಸಿಯಿಂದ ದಿನಕ್ಕೆ 12 ಟನ್, ಅಂದರೆ 17 ಸಾವಿರ ಘನ ಮೀಟರಿನ ಆಸುಪಾಸು ಅನಿಲ ಸಾಧ್ಯ. ಮೂವತ್ತೈದು ಸಾವಿರ ಮನೆಗಳ ಒಲೆ ಉರಿಯುವಷ್ಟು. 2018ರಲ್ಲಿ ಶುರುವಾದ ‘ಸತತ್’ ಯೋಜನೆ ಇಂಥ ಅನಿಲವನ್ನು ತೈಲ ಕಂಪನಿಗಳು ಕೊಳ್ಳಲಿ ಎಂದಿತು. ಅನಿಲ ಹಂಚುವ ಕಂಪನಿಗಳು 2025–26ರಲ್ಲಿ ನೂರಕ್ಕೆ ಒಂದರಿಂದ ಹಿಡಿದು 2028–29ಕ್ಕೆ ನೂರಕ್ಕೆ ಐದರಷ್ಟು ಜೈವಿಕ ಅನಿಲ ಬೆರೆಸಬೇಕೆಂಬ ಕಟ್ಟಳೆ ಆಮೇಲೆ ಬಂತು.

ಕಾಗದದಲ್ಲಿ ಚೆಂದ ಕಾಣುವ ಈ ಲೆಕ್ಕಕ್ಕೆ ಮೂರು ತೊಡಕುಗಳಿವೆ, ಕಾರ್ಖಾನೆಯ ಯಾರ್ಡಿನಲ್ಲಿ ನಿಂತರೆ ಮೂರೂ ಕಣ್ಣಿಗೆ ಬೀಳುತ್ತವೆ. ಕಬ್ಬು ಅರೆಯುವುದು ನವೆಂಬರಿನಿಂದ ಬೇಸಿಗೆ ಹತ್ತುವವರೆಗೆ ಮಾತ್ರ; ಒಲೆ ಹನ್ನೆರಡು ತಿಂಗಳೂ ಉರಿಯಬೇಕು. ಗಸಿಯನ್ನು ರಾಶಿ ಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳೋಣವೆಂದರೆ ಅದು ಹೊಗೆಯಾಡುತ್ತ ತನ್ನಷ್ಟಕ್ಕೆ ಕೊಳೆಯುತ್ತದೆ. ಗುಂಡಿಗೆ ಸೇರಬೇಕಾದ ಸಾರ ರಾಶಿಯಲ್ಲೇ ಹಾರಿಹೋಗುತ್ತದೆ, ಅದರಲ್ಲೊಂದಿಷ್ಟು ಮೀಥೇನಾಗಿಯೇ ಹಾರುತ್ತದೆ. ಇನ್ನು, ಗಸಿ ಕಸವೂ ಅಲ್ಲ. ಅದನ್ನು ಕಾಂಪೋಸ್ಟ್ ಮಾಡಿ ಹೊಲಕ್ಕೆ ಹಾಕಲು ಕಬ್ಬು ಕಳಿಸಿದ ರೈತರು ಕಾರ್ಖಾನೆಯ ಬಾಗಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕೇಳುತ್ತಾರೆ. ಅನಿಲ ತೆಗೆದ ಮೇಲೆ ಉಳಿಯುವ ಗಸಿಯಲ್ಲಿ ಸಾರಜನಕ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಹೋಗುವುದು ಇಂಗಾಲ. ಆದರೆ ಅದು ನೀರು ನೀರು. ಒಣಗಿಸಿ ಕೊಡುವವರು ಯಾರು, ಸಾಗಾಟದ ಖರ್ಚು ಯಾರದು ಎಂಬುದು ಕಾರ್ಖಾನೆ ಕಾರ್ಖಾನೆಗೂ ಬೇರೆ. ಮೂರನೆಯದು ದಾರಿಯದೇ. ಗೇಲ್ ಕೊಳವೆಯ ಕವಾಟ ಕಾರ್ಖಾನೆಯ ಪಕ್ಕದಲ್ಲಿರುವುದಿಲ್ಲ. ಅನಿಲವನ್ನು ನೂರಕ್ಕೆ ತೊಂಬತ್ತಕ್ಕೂ ಮೀರಿದ ಶುದ್ಧಿಗೆ ತಂದು, ಗಂಧಕ ತೆಗೆದು, ಒತ್ತಿ, ಸಿಲಿಂಡರ್ ಗುಚ್ಛದ ಲಾರಿಗೆ ಹಾಕಿ ಬಂಕಿಗೆ ಮುಟ್ಟಿಸಬೇಕು. ಸೀಜನ್ನಿನಲ್ಲಿ ಕಬ್ಬಿನ ಟ್ರಾಲಿಗಳು ಎರಡೆರಡು ಜೋಡಿಸಿಕೊಂಡು ರಸ್ತೆ ತುಂಬಿ ನಿಂತಿರುವಾಗ ಆ ಲಾರಿ ಎಷ್ಟು ಹೊತ್ತಿಗೆ ಮುಟ್ಟೀತು ಎಂಬುದನ್ನು ಕಾಗವಾಡ–ಉಗಾರ ರಸ್ತೆಯಲ್ಲಿ ಒಮ್ಮೆ ಸಿಕ್ಕಿಬಿದ್ದವರನ್ನು ಕೇಳಬೇಕು.